ಕಾಡಿನಲ್ಲಿ ಕಂಡ ಮರ ಹೊಸ ಪ್ರಭೇದವೇ? ಗುರುತಿಸಿ, ಹೆಸರಿಟ್ಟು, ಪ್ರಕಟಿಸುವ ತನಕ

ಮಳೆಗಾಲ ಕಳೆದು ಕಾಡು ತಿರುಗುವವರ ಓಡಾಟ ಶುರುವಾಯಿತೆಂದರೆ ನನಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ‘ಸರ್, ನಮ್ಮೂರ ಹಳ್ಳದ ದಂಡೆಯಲ್ಲಿ ಒಂದು ಮರ ಇದೆ. ಯಾವ ಪುಸ್ತಕದಲ್ಲೂ ಸಿಗ್ತಿಲ್ಲ. ಹೊಸ ಜಾತಿ ಇರಬಹುದಾ? ಹೆಸರಿಡೋದು ಹೇಗೆ?’ ಜೊತೆಗೆ ಮೊಬೈಲಿನಲ್ಲಿ ತೆಗೆದ ಒಂದು ಎಲೆಯ ಚಿತ್ರ. ಹೂವೂ ಇಲ್ಲ, ಕಾಯಿಯೂ ಇಲ್ಲ.

ಇರಬಹುದೇ ಎಂದರೆ ಖಂಡಿತ ಇರಬಹುದು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ವರ್ಷವಿಡೀ ನೀರು ಜಿನುಗುವ ಜೌಗು ಕಾಡಿನಲ್ಲಿ, ಗೇರಿನ ಕುಟುಂಬಕ್ಕೆ ಸೇರಿದ ದೊಡ್ಡ ಮರವೊಂದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಬಂದದ್ದು 2000ದಲ್ಲಿ. ಹೊನ್ನಾವರ–ಜೋಗ ರಸ್ತೆಯಲ್ಲಿ ಬಸ್ಸುಗಳು ದಿನವೂ ಹಾದು ಹೋಗುವ ಕಾಡು ಅದು. ಬ್ರೆಜಿಲ್‌ನ ಅಟ್ಲಾಂಟಿಕ್ ಮಳೆಕಾಡಿನಲ್ಲಿ 40 ಮೀಟರ್ ಎತ್ತರ ಬೆಳೆಯುವ ಡಿನಿಜಿಯಾ ಕುಲದ (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಮರವೊಂದನ್ನು ವಿಜ್ಞಾನ ಲೆಕ್ಕಕ್ಕೆ ತೆಗೆದುಕೊಂಡದ್ದು 2017ರಲ್ಲಿ. ಭೂಮಿಯ ಮೇಲೆ ಸುಮಾರು 73,000 ಜಾತಿಯ ಮರಗಳಿರಬಹುದು, ಅವುಗಳಲ್ಲಿ 9,000ಕ್ಕೂ ಹೆಚ್ಚು ಇನ್ನೂ ಹೆಸರಿಲ್ಲದವು ಎಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಆದರೆ ‘ಪುಸ್ತಕದಲ್ಲಿ ಸಿಗಲಿಲ್ಲ’ ಎಂಬುದಕ್ಕೂ ‘ಹೊಸದು’ ಎಂಬುದಕ್ಕೂ ನಡುವೆ ಬಹಳ ದೂರ ಇದೆ. ಆ ದೂರವನ್ನು ಕಾಡಿನಲ್ಲಿ ನಡೆಯುವುದಕ್ಕಿಂತ ಕಪಾಟಿನ ಮುಂದೆ ನಿಂತು ಕ್ರಮಿಸಬೇಕಾದದ್ದೇ ಹೆಚ್ಚು. ಈ ಬರಹದ ಉದ್ದಕ್ಕೂ ಆ ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ಮೊದಲು ಬೇಕಾದ ಸಾಮಾನು

ದುಬಾರಿಯದ್ದೇನೂ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ದುರ್ಬೀನು, ಕೊಂಬೆ ಕತ್ತರಿ, ಅಳತೆ ಟೇಪು, ಹಳೆಯ ದಿನಪತ್ರಿಕೆಗಳ ಕಟ್ಟು, ರಟ್ಟು, ಮರದ ಪಟ್ಟಿಯ ಪ್ರೆಸ್ (ಗಿಡ ಒತ್ತುವ ಚೌಕಟ್ಟು), ಬಿಗಿಯಲು ಪಟ್ಟಿ, ಪೆನ್ಸಿಲ್, ನೋಟ್‌ಬುಕ್, ಬಿಗಿ ಮುಚ್ಚಳದ ಒಂದೆರಡು ಬಾಟಲಿ, ಸ್ಪಿರಿಟ್, ಸಿಲಿಕಾ ಜೆಲ್ (ತೇವ ಹೀರುವ ಹರಳು). ಜಿಪಿಎಸ್‌ಗೆ ಮೊಬೈಲೇ ಸಾಕು. ಎತ್ತರದ ಕೊಂಬೆಗೆ ದೋಟಿ. ಮಲೆನಾಡಿನಲ್ಲಿ ಅಡಿಕೆ ಕೊಯ್ಯಲು ಈಗ ಬಳಸುವ ಕಾರ್ಬನ್ ಫೈಬರ್ ದೋಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದಕ್ಕೂ ಮೀರಿದ ಎತ್ತರವಾದರೆ ಅನುಭವಸ್ಥ ಕೊನೆಗಾರರ ನೆರವು ಪಡೆಯಿರಿ. ನೀವೇ ಹತ್ತುವ ಸಾಹಸ ಬೇಡ. ಕಾಡುಮರದ ಕೊಂಬೆ ಎಲ್ಲಿ ಟೊಳ್ಳಾಗಿದೆ ಎಂದು ಕೆಳಗಿನಿಂದ ಗೊತ್ತಾಗುವುದಿಲ್ಲ.

ಸಾಮಾನಿಗಿಂತ ಮುಖ್ಯವಾದದ್ದು ಜೊತೆ. ಸಸ್ಯ ವರ್ಗೀಕರಣ ಬಲ್ಲ ಒಬ್ಬರನ್ನು ಆರಂಭದಲ್ಲೇ ಹುಡುಕಿಕೊಳ್ಳಿ, ಅದರಲ್ಲೂ ನಿಮ್ಮ ಮರದ ಕುಟುಂಬದ ಮೇಲೆಯೇ ಕೆಲಸ ಮಾಡಿದವರು ಸಿಕ್ಕರೆ ಒಳ್ಳೆಯದು. ಪದವಿ ಇಲ್ಲದವರೂ ಹೊಸ ಪ್ರಭೇದ ಪ್ರಕಟಿಸಬಹುದು, ಯಾವ ನಿಯಮವೂ ತಡೆಯುವುದಿಲ್ಲ. ಒಬ್ಬರೇ ಮಾಡುವುದು ಮಾತ್ರ ಕಷ್ಟ.

1. ಅನುಮತಿ

ಕಾಡಿಗೆ ಕಾಲಿಡುವ ಮೊದಲಿನ ಕೆಲಸ ಇದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ರೆಂಬೆ ಮುರಿಯಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಮೀಸಲು ಅರಣ್ಯದಲ್ಲಿಯೂ ಹಾಗೆಯೇ. ದೇವರಕಾಡಾದರೆ ಇಲಾಖೆಯ ಕಾಗದದ ಜೊತೆ ಊರವರ ಒಪ್ಪಿಗೆಯೂ ಬೇಕು. ಅದಿಲ್ಲದೆ ಕೊಯ್ದರೆ ಮುಂದೆ ಆ ಊರಿನಲ್ಲಿ ಯಾರಿಗೂ ಕೆಲಸ ಮಾಡಲಾಗದು.

ನಿಮ್ಮ ತಂಡದಲ್ಲಿ ವಿದೇಶಿ ಸಂಶೋಧಕರಿದ್ದರೆ, ಅಥವಾ ಒಣಸಸ್ಯ, ಡಿಎನ್‌ಎ ಮಾದರಿಗಳನ್ನು ದೇಶದಾಚೆ ಕಳುಹಿಸುವ ಯೋಚನೆಯಿದ್ದರೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಮುಂಚೆಯೇ ಓದಿ. 2002ರ ಜೀವವೈವಿಧ್ಯ ಕಾಯಿದೆಯ 39ನೇ ಸೆಕ್ಷನ್ ಇನ್ನೂ ಒಂದು ಕರ್ತವ್ಯವನ್ನು ನಿಮ್ಮ ಮೇಲೆ ಹೊರಿಸುತ್ತದೆ: ಯಾರೇ ಹೊಸ ಜಾತಿ ಕಂಡುಹಿಡಿದರೂ ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಸಾಕ್ಷಿ ಮಾದರಿಯನ್ನು ಅಲ್ಲಿ ಇಡಬೇಕು. ಸಸ್ಯಗಳಿಗೆ ಭಾರತೀಯ ಸಸ್ಯ ಸರ್ವೇಕ್ಷಣಾಲಯ ಅಂಥ ಭಂಡಾರ. ಅನುಮತಿ ಪತ್ರದ ಸಂಖ್ಯೆಯನ್ನು ಎಷ್ಟೋ ವಿಜ್ಞಾನ ಪತ್ರಿಕೆಗಳು ಕೇಳುತ್ತವೆ, ಜೋಪಾನವಾಗಿಡಿ.

2. ಮರವನ್ನು ನೋಡುವುದು

ಕತ್ತರಿ ತೆಗೆಯಬೇಡಿ. ಮೊದಲ ಭೇಟಿ ನೋಡುವುದಕ್ಕೆ ಮಾತ್ರ.

ಎಲೆ ನಂಬಿ ಹೋದವರೇ ಹೆಚ್ಚು ಎಡವುವುದು. ಮಳೆಕಾಡಿನ ಮರದಲ್ಲಿ ಸಸಿಯ ಎಲೆ ಒಂದು ಬಗೆ, ನೆರಳಿನ ಕೆಳಗೊಂಬೆಯದು ಇನ್ನೊಂದು, ಬಿಸಿಲು ಕುಡಿಯುವ ನೆತ್ತಿಯದು ಮತ್ತೊಂದು. ಬುಡದಿಂದ ಹೊಡೆದ ಚಿಗುರಿನ ಎಲೆ ಮೂರನ್ನೂ ಹೋಲದೆ ಮೊರದಗಲ ಇರಬಹುದು. ಬೀಡಾಡಿ ಚಿಗುರಿನ ಎಲೆಯೊಂದನ್ನು ಹಿಡಿದುಕೊಂಡು ‘ಹೊಸ ಜಾತಿ’ ಎಂದು ಕಾಗದ ಬರೆಯುವವರಿಗೆ ನಾನು ಹೇಳುವುದು ಒಂದೇ: ಹೂವು ಬಿಡುವ ತನಕ ಕಾಯಿರಿ, ಕಾಯಿ ಆಗುವ ತನಕವೂ ಕಾಯಿರಿ. ಮರಗಳ ಕುಟುಂಬ, ಕುಲ ನಿರ್ಧಾರವಾಗುವುದು ಬಹುಪಾಲು ಹೂ–ಕಾಯಿಗಳ ಮೇಲೆ. ಕೆಲವು ಮರಗಳು ಪ್ರತಿ ವರ್ಷ ಹೂ ಬಿಡುವುದಿಲ್ಲ. ಅವಸರಪಟ್ಟರೆ ಅವುಗಳಿಗೆ ಕೇಳಿಸದು.

ಕೆಳಗೆ ಬಿದ್ದ ಹೂ–ಕಾಯಿ ಆ ಮರದ್ದೇ ಎಂದುಕೊಳ್ಳುವುದು ಇನ್ನೊಂದು ಗುಂಡಿ. ದಟ್ಟ ಕಾಡಿನಲ್ಲಿ ನಾಲ್ಕು ಮರಗಳ ನೆತ್ತಿ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ಮೇಲೆ ಬಳ್ಳಿಗಳೂ ಹಬ್ಬಿರುತ್ತವೆ. ಕೊಂಬೆಗೆ ಅಂಟಿಕೊಂಡಿರುವ ಹೂವನ್ನಷ್ಟೇ ನಂಬಿ.

ತೊಗಟೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಗೀರು ಹಾಕಿ ನೋಡಿದರೆ ಮರ ತಾನೇ ಅರ್ಧ ಪರಿಚಯ ಹೇಳಿಕೊಳ್ಳುತ್ತದೆ. ರಾಮಪತ್ರೆ, ಜಾಯಿಕಾಯಿ ಬಳಗವಾದರೆ ರಕ್ತದಂಥ ಕೆಂಪು ಸೊನೆ. ಮುರುಗಲು, ಉಪ್ಪಾಗೆಯ ಬಳಗವಾದರೆ ಹಳದಿ. ಹಲಸು, ಹಿಪ್ಪೆಯ ಕಡೆಯವಾದರೆ ಬಿಳಿ ಹಾಲು. ಎಲೆ ಹೊಸಕಿದಾಗ ಬರುವ ವಾಸನೆಯನ್ನೂ ಬರೆದುಕೊಳ್ಳಿ: ದಾಲ್ಚಿನ್ನಿಯ ಕುಟುಂಬ ಮೂಗಿಗೆ ಸಿಕ್ಕಿಬೀಳುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ಚುಕ್ಕಿಗಳು ಹೊಳೆದರೆ ನಿಂಬೆಯ ಅಥವಾ ನೇರಳೆಯ ಕುಟುಂಬವಿರಬಹುದು.

ಎಚ್ಚರಿಕೆ: ಗೇರಿನ ಕುಟುಂಬದ ಕಾಡುಮರಗಳ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಹೊಲಿಗಾರ್ನಾ, ಸೆಮೆಕಾರ್ಪಸ್ ಕುಲದ ಮರಗಳ ಹತ್ತಿರ ಕೈಗವಸು ಇಲ್ಲದೆ ಕತ್ತಿ ಎತ್ತಬೇಡಿ. ಗೊತ್ತಿಲ್ಲದ ಮರದ ಸೊನೆಯ ರುಚಿ ನೋಡುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಮುರುಗಲು, ರಾಮಪತ್ರೆ, ಕರಿಮರದ ಕುಲಗಳಲ್ಲಿ ಗಂಡು ಹೂವಿನ ಮರ ಬೇರೆ, ಹೆಣ್ಣು ಹೂವಿನ ಮರ ಬೇರೆಯಾಗಿರುವುದು ಸಾಮಾನ್ಯ. ಒಂದನ್ನೇ ನೋಡಿ ವಿವರಣೆ ಬರೆದರೆ ಅರ್ಧ ಮರದ ವಿವರಣೆ ಆದೀತು. ಸುತ್ತ ಹುಡುಕಿ ಎರಡನ್ನೂ ಗುರುತಿಸಿ. ಎಷ್ಟು ಮರಗಳಿವೆ, ಅವುಗಳಲ್ಲಿ ಬೆಳೆದವೆಷ್ಟು, ಸಸಿಗಳೆಷ್ಟು ಎಂದು ಆಗಲೇ ಎಣಿಸಿಟ್ಟುಕೊಂಡರೆ ಏಳನೆಯ ಹಂತದಲ್ಲಿ ನನ್ನನ್ನು ನೆನೆಯುತ್ತೀರಿ.

3. ಮಾದರಿ ಸಂಗ್ರಹ

ಹರ್ಬೇರಿಯಂ ಅಂದರೆ ಒಣಗಿಸಿ ಒತ್ತಿದ ಸಸ್ಯಗಳ ಭಂಡಾರ. ಅಲ್ಲಿನ ಹಾಳೆಯ ಅಳತೆ ಸುಮಾರು 42 × 28 ಸೆಂ.ಮೀ. ನಿಮ್ಮ ರೆಂಬೆ ಅದರೊಳಗೆ ಕೂರಬೇಕು. ಎಲೆಯ ಎರಡೂ ಮುಖ ಕಾಣಬೇಕು, ತುದಿಮೊಗ್ಗು ಇರಬೇಕು, ಹೂವು ಅಥವಾ ಕಾಯಿ ಇರಲೇಬೇಕು. ಎಲೆ ದೊಡ್ಡದಿದ್ದರೆ ಮಡಚಿ, ಕತ್ತರಿಸಿ ಎಸೆಯಬೇಡಿ.

ಒಂದೇ ಮರದಿಂದ ಒಂದೇ ದಿನ ನಾಲ್ಕರಿಂದ ಆರು ಹಾಳೆಗಾಗುವಷ್ಟು ರೆಂಬೆ ತೆಗೆದು, ಎಲ್ಲಕ್ಕೂ ಒಂದೇ ಸಂಗ್ರಹ ಸಂಖ್ಯೆ ಕೊಡಿ. ಪಕ್ಕದ ಮರದಿಂದ ತೆಗೆದರೆ ಸಂಖ್ಯೆ ಬೇರೆ. ಇದು ಬರೀ ಶಿಸ್ತಿನ ಮಾತಲ್ಲ. ಮುಂದೆ ಹೆಸರು ನಿಲ್ಲುವುದೇ ಒಂದು ಸಂಗ್ರಹ ಸಂಖ್ಯೆಯ ಮೇಲೆ. ಗಂಡು ಮರದ ರೆಂಬೆ, ಹೆಣ್ಣು ಮರದ ರೆಂಬೆ ಎರಡನ್ನೂ ಒಂದೇ ಸಂಖ್ಯೆಯಡಿ ಕಟ್ಟಿದರೆ ಆ ಗೊಂದಲ ಬಿಡಿಸಲು ಇನ್ನೊಬ್ಬರು ವರ್ಷಗಟ್ಟಲೆ ಒದ್ದಾಡಬೇಕಾಗುತ್ತದೆ. ಇರುವುದೇ ಬೆರಳೆಣಿಕೆಯ ಮರಗಳಾದರೆ ಒಂದೆರಡು ಹಾಳೆಗೆ ತೃಪ್ತಿಪಡಿ.

ಡಿಎನ್‌ಎಗಾಗಿ ನಾಲ್ಕಾರು ಎಳೆಯ ಎಲೆಗಳನ್ನು ಚೂರು ಮಾಡಿ, ಟೀ ಬ್ಯಾಗಿನಂಥ ಚೀಲದಲ್ಲಿಟ್ಟು ತಕ್ಷಣ ಸಿಲಿಕಾ ಜೆಲ್‌ನಲ್ಲಿ ಹೂತುಬಿಡಿ. ಇದನ್ನು ಮುಂದೂಡಬೇಡಿ. ಪೆರುವಿನ ಮಾನೂ ರಾಷ್ಟ್ರೀಯ ಉದ್ಯಾನದಲ್ಲಿ 1973ರಲ್ಲಿ ಸಂಗ್ರಹಿಸಿದ ಪುಟ್ಟ ಮರವೊಂದು ಯಾವ ಕುಟುಂಬಕ್ಕೆ ಸೇರಿದ್ದೆಂದೇ ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. ಹಳೆಯ ಒಣಹಾಳೆಯಿಂದ ಡಿಎನ್‌ಎ ತೆಗೆಯುವ ಪ್ರಯತ್ನ ಫಲಿಸಲಿಲ್ಲ. ಅದೇ ಕಾಡಿನಲ್ಲಿ ಮರವನ್ನು ಮತ್ತೆ ಹುಡುಕಿ ಹೊಸ ಎಲೆ ತಂದ ಮೇಲೆ ಒಗಟು ಬಿಡಿಸಿತು. 2021ರಲ್ಲಿ ಅದಕ್ಕೆ ಈನಿಗ್ಮಾನು ಎಂಬ ಹೊಸ ಕುಲವನ್ನೇ ಕಟ್ಟಬೇಕಾಯಿತು.

ಹೂವುಗಳಲ್ಲಿ ಕೆಲವನ್ನು, ಎಳೆ ಕಾಯನ್ನು 70 ಪ್ರತಿಶತ ಸ್ಪಿರಿಟ್‌ನಲ್ಲಿ ಹಾಕಿಡಿ. ಒತ್ತಿದ ಹೂವು ಅಪ್ಪಚ್ಚಿಯಾಗುತ್ತದೆ, ಸ್ಪಿರಿಟ್‌ನಲ್ಲಿದ್ದುದು ಆಕಾರ ಬಿಡುವುದಿಲ್ಲ. ಬಾಟಲಿಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಲಿ. ಬಾಲ್‌ಪೆನ್ ಶಾಯಿ ಸ್ಪಿರಿಟ್‌ಗೆ ಕರಗಿ ಹೋಗುತ್ತದೆ.

ಮಲೆನಾಡಿನ ಮಳೆಯಲ್ಲಿ ಒಣಗಿಸುವುದೇ ದೊಡ್ಡ ತಾಪತ್ರಯ. ಕಾಗದವನ್ನು ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗಿ, ಬೂಷ್ಟು ಹಿಡಿದು, ಗೆಣ್ಣಿನಿಂದ ಕಳಚಿಕೊಳ್ಳುತ್ತದೆ. ಊರಿಗೆ ಮರಳಲು ಎರಡು ಮೂರು ದಿನವಾಗುತ್ತದೆ ಎಂದಾದರೆ ಸ್ಪಿರಿಟ್ ವಿಧಾನ ಬಳಸಿ: ಪತ್ರಿಕೆಯ ಹಾಳೆಗಳ ನಡುವೆ ರೆಂಬೆ ಇಟ್ಟು ಕಟ್ಟಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಕಟ್ಟು ಪೂರ್ತಿ ನೆನೆಯುವಷ್ಟು ಸ್ಪಿರಿಟ್ ಸುರಿದು, ಗಾಳಿಯಾಡದಂತೆ ಬಾಯಿ ಬಿಗಿದುಬಿಡಿ. ವಾರಗಟ್ಟಲೆ ಕೆಡುವುದಿಲ್ಲ, ಮನೆಗೆ ಬಂದು ಒಣಗಿಸಬಹುದು. ಬಣ್ಣ ಮಾತ್ರ ಹೋಗುತ್ತದೆ, ಡಿಎನ್‌ಎಯೂ ಕೆಡುತ್ತದೆ. ಆದ್ದರಿಂದ ಬಣ್ಣದ ಟಿಪ್ಪಣಿ, ಸಿಲಿಕಾ ಚೀಲ ಎರಡೂ ಮೊದಲೇ ಆಗಿರಬೇಕು. ಬೆಂಕಿಯ ಹತ್ತಿರ ಸ್ಪಿರಿಟ್ ಕಟ್ಟು ಬಿಚ್ಚಬೇಡಿ.

4. ಟಿಪ್ಪಣಿ

ಒಣಗಿದ ಮೇಲೆ ಕಾಣದೆ ಹೋಗುವುದನ್ನೆಲ್ಲ ಮರದ ಬುಡದಲ್ಲೇ ಬರೆಯಬೇಕು. ಕಚೇರಿಗೆ ಬಂದು ನೆನಪಿನಿಂದ ಬರೆದ ಟಿಪ್ಪಣಿ ನನ್ನ ಮಟ್ಟಿಗೆ ಟಿಪ್ಪಣಿಯೇ ಅಲ್ಲ.

ಸಾಮಾನ್ಯವಾಗಿ ಬರುವ ಲೇಬಲ್ ಹೀಗಿರುತ್ತದೆ: ‘ದೊಡ್ಡ ಮರ. ಹೂ ಬಿಳಿ. ಸಿದ್ದಾಪುರ ಕಾಡು.’ ಇದರಿಂದ ಯಾರಿಗೂ ಉಪಯೋಗವಿಲ್ಲ. ಇರಬೇಕಾದದ್ದು ಹೀಗೆ (ಇದು ಕಲ್ಪಿತ ಮಾದರಿ):

‘ನಿತ್ಯಹರಿದ್ವರ್ಣದ ಮರ, ಎತ್ತರ ಸುಮಾರು 22 ಮೀ., ಎದೆಮಟ್ಟದ ಸುತ್ತಳತೆ 140 ಸೆಂ.ಮೀ., ಬುಡದಲ್ಲಿ 1 ಮೀ. ಎತ್ತರದ ಹಲಗೆಬೇರು. ತೊಗಟೆ ಬೂದು, ನಯ, ಒಳಗೆ ನಸುಗೆಂಪು, ಸೊನೆ ಇಲ್ಲ. ಎಳೆ ರೆಂಬೆಯ ಮೇಲೆ ತುಕ್ಕು ಬಣ್ಣದ ರೋಮ. ಹೂಗೊಂಚಲು ಎಲೆ ಉದುರಿದ ಹಳೆಯ ಕೊಂಬೆಯ ಮೇಲೆ. ಗಂಡು ಹೂವು, ದಳ 4, ಕೆನೆಬಣ್ಣ, ಸಂಜೆಗೆ ಕಂದು. ನಸು ಸಿಹಿ ವಾಸನೆ. ಹಳ್ಳದಿಂದ 5 ಮೀ. ದೂರ, ಜೌಗು ಮಣ್ಣು, ಸಮುದ್ರಮಟ್ಟದಿಂದ 540 ಮೀ. ಸುತ್ತ ಬೆಳೆದ ಮರ 7, ಸಸಿ ಹೇರಳ.’

ಇದರ ಮೇಲೆ ಅಕ್ಷಾಂಶ, ರೇಖಾಂಶ, ದಿನಾಂಕ, ಸಂಗ್ರಾಹಕರ ಹೆಸರು, ಸಂಖ್ಯೆ. ಊರಿನವರು ಆ ಮರವನ್ನು ಏನೆಂದು ಕರೆಯುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದೂ ಕೇಳಿ. ಸುತ್ತಳತೆಯನ್ನು ನಮ್ಮ ಅರಣ್ಯ ಇಲಾಖೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತದೆ, ಹೊರದೇಶಗಳ ಬಹಳಷ್ಟು ಅಧ್ಯಯನಗಳಲ್ಲಿ 1.3 ಮೀಟರ್. ಎಷ್ಟರಲ್ಲಿ ಅಳೆದಿರೆಂದು ಬರೆದರೆ ಸಾಕು. ಹಲಗೆಬೇರು ಅದಕ್ಕಿಂತ ಮೇಲೆದ್ದಿದ್ದರೆ, ಬೇರು ಮುಗಿದ ಮೇಲೆ ಅಳೆಯಿರಿ.

5. ಹೋಲಿಸುವುದು

ಬಹಳ ಮಂದಿ ಕೈಬಿಡುವುದು ಇಲ್ಲೇ. ನಿಜವಾದ ಕೆಲಸವೂ ಇದೇ.

ಮೊದಲು ಕುಟುಂಬ, ಆಮೇಲೆ ಕುಲ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಆ ಕುಲದಲ್ಲಿ ಪಶ್ಚಿಮ ಘಟ್ಟದಲ್ಲಿ ದಾಖಲಾದ ಎಲ್ಲ ಪ್ರಭೇದಗಳ ಪಟ್ಟಿ ಮಾಡಿ. ಹೂಕರನ ಏಳು ಸಂಪುಟಗಳ ಬ್ರಿಟಿಷ್ ಇಂಡಿಯಾ ಫ್ಲೋರಾ, ಮದರಾಸು ಪ್ರಾಂತ್ಯಕ್ಕೆ ಗ್ಯಾಂಬಲ್, ಮುಂಬಯಿ ಪ್ರಾಂತ್ಯಕ್ಕೆ ಕುಕ್, ನಮ್ಮ ರಾಜ್ಯಕ್ಕೆ ಸಲ್ಡಾನಾ, ಇವು ಆರಂಭದ ಮೆಟ್ಟಿಲು. ಫ್ಲೋರಾ ಅಂದರೆ ಒಂದು ಪ್ರದೇಶದ ಸಸ್ಯಗಳ ವಿವರ ಗ್ರಂಥ. ಹಳೆಯವು ಬಹುಪಾಲು ಅಂತರ್ಜಾಲದ ಜೀವವೈವಿಧ್ಯ ಗ್ರಂಥಾಲಯದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಇಂದಿನ ಒಪ್ಪಿತ ಹೆಸರು ಯಾವುದು ಎಂದು ತಿಳಿಯಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ಜಾಲತಾಣ ನೋಡಿ.

ಪಟ್ಟಿಯನ್ನು ಕರ್ನಾಟಕದ ಗಡಿಗೆ ನಿಲ್ಲಿಸುವುದು ಬಹಳ ದೊಡ್ಡ ತಪ್ಪು. ನಿಮ್ಮ ಮರ ಕೇರಳದಲ್ಲಿ, ಶ್ರೀಲಂಕಾದಲ್ಲಿ, ಅಷ್ಟೇಕೆ, ಮಲೇಷ್ಯಾದಲ್ಲಿ ಇನ್ನೂರು ವರ್ಷದ ಹಿಂದೆಯೇ ಹೆಸರು ಪಡೆದಿರಬಹುದು. ಅದಕ್ಕಿಂತ ನುಣುಪಾದ ಗುಂಡಿ ಪರ್ಯಾಯ ಹೆಸರುಗಳದ್ದು. 1880ರಲ್ಲಿ ಯಾರೋ ಬೇರೆ ಪ್ರಭೇದವೆಂದು ವಿವರಿಸಿರುತ್ತಾರೆ, 1910ರಲ್ಲಿ ಇನ್ಯಾರೋ ‘ಅದೂ ಇದೂ ಒಂದೇ’ ಎಂದು ಇನ್ನೊಂದರೊಳಗೆ ಸೇರಿಸಿರುತ್ತಾರೆ ಎಂದಿಟ್ಟುಕೊಳ್ಳಿ. ಈಗ ನೀವು ಅದೇ ಮರವನ್ನು ಹೊಸದೆಂದು ಪ್ರಕಟಿಸಿದರೆ, ಹಳೆಯ ಹೆಸರಿಗೇ ಆದ್ಯತೆ. ನಿಮ್ಮ ಹೆಸರು ಪರ್ಯಾಯ ಹೆಸರುಗಳ ಪಟ್ಟಿಯ ಕೊನೆಯಲ್ಲಿ ಹೋಗಿ ಕೂರುತ್ತದೆ. ಸಸ್ಯ ನಾಮಕರಣದ ಲೆಕ್ಕ 1753ರ ಮೇ 1ರಿಂದ ಶುರುವಾಗುತ್ತದೆ. ಅಲ್ಲಿಂದ ಇಲ್ಲಿಯ ತನಕ ಆ ಕುಲದಲ್ಲಿ ಬಂದ ಪ್ರತಿ ಹೆಸರನ್ನೂ ಜರಡಿ ಹಿಡಿಯಬೇಕು.

ಪ್ರತಿ ಹೆಸರಿಗೂ ಎರಡು ವಸ್ತು ನೋಡಬೇಕು. ಒಂದು, ಮೊದಲ ಬಾರಿ ಆ ಹೆಸರು ಪ್ರಕಟವಾದಾಗಿನ ಮೂಲ ವಿವರಣೆ. ಇನ್ನೊಂದು, ಅದರ ಟೈಪ್, ಅಂದರೆ ಆ ಹೆಸರನ್ನು ಶಾಶ್ವತವಾಗಿ ಕಟ್ಟಿಹಾಕಿರುವ ಒಣಹಾಳೆ. ಟೈಪ್‌ಗಳು ಎಲ್ಲೆಲ್ಲೋ ಇವೆ: ಲಂಡನ್ನಿನ ಕ್ಯೂ, ನೆದರ್‌ಲ್ಯಾಂಡ್ಸ್‌ನ ಲೈಡನ್, ಹೌರಾದ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂ. ಬಹಳಷ್ಟರ ಸ್ಪಷ್ಟ ಚಿತ್ರಗಳು ಈಗ ಜಾಲತಾಣಗಳಲ್ಲಿವೆ. ಆದರೂ ಹರ್ಬೇರಿಯಂಗೆ ಖುದ್ದಾಗಿ ಹೋಗಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂನಲ್ಲಿ, ಪುಣೆಯಲ್ಲಿ, ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಪಶ್ಚಿಮ ಘಟ್ಟದ ಒಳ್ಳೆಯ ಸಂಗ್ರಹಗಳಿವೆ. ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳಿ.

ಅಲ್ಲಿ ಏನು ನೋಡಬೇಕು? ಹೆಸರು ಬರೆದಿರುವ ಕಟ್ಟುಗಳನ್ನು ಎಲ್ಲರೂ ನೋಡುತ್ತಾರೆ. ಕಟ್ಟಿನ ಕೊನೆಯಲ್ಲಿ ಕುಲದ ಹೆಸರು ಮಾತ್ರ ಬರೆದು, ಪ್ರಭೇದದ ಜಾಗ ಖಾಲಿ ಬಿಟ್ಟ ಹಾಳೆಗಳಿರುತ್ತವೆ. ನಿಮ್ಮ ಮರ ಅಲ್ಲಿ ಮಲಗಿರುವ ಸಾಧ್ಯತೆ ಸಾಕಷ್ಟಿದೆ. ಹೂಬಿಡುವ ಸಸ್ಯಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲು ಸಂಗ್ರಹವಾದ ಐದು ವರ್ಷದೊಳಗೆ ಹೆಸರು ಪಡೆದ ಹೊಸ ಪ್ರಭೇದಗಳು 16 ಪ್ರತಿಶತ ಮಾತ್ರ ಎಂದು ಕಂಡುಬಂತು. ಸುಮಾರು ಕಾಲು ಭಾಗದ ಹೊಸ ಪ್ರಭೇದಗಳ ಹಿಂದೆ ಐವತ್ತು ವರ್ಷಕ್ಕೂ ಹಳೆಯ ಹಾಳೆಗಳಿದ್ದವು. ಹಾಗೊಂದು ಹಾಳೆ ಸಿಕ್ಕರೆ ಬೇಸರಪಡಬೇಡಿ, ನಿಮ್ಮ ಸಾಕ್ಷ್ಯಕ್ಕೆ ಬಲ ಬಂತೆಂದೇ ಲೆಕ್ಕ.

ಎಚ್ಚರಿಕೆ: ಹಳೆಯ ಹಾಳೆಗಳಿಗೆ ಹುಳ ಹಿಡಿಯದಂತೆ ಪಾದರಸದ ಕ್ಲೋರೈಡ್ ಎಂಬ ವಿಷ ಬಳಿಯುತ್ತಿದ್ದರು. ಹಾಳೆ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ, ಊಟಕ್ಕೆ ಮೊದಲು ಸೋಪಿನಿಂದ ತೊಳೆಯಿರಿ. ಹಾಳೆಯನ್ನು ಪುಸ್ತಕದ ಪುಟದಂತೆ ಮಗುಚಬೇಡಿ, ಕೆಳಗೆ ಕೈ ಕೊಟ್ಟು ಅಡ್ಡಡ್ಡ ಸರಿಸಿ.

ಎಷ್ಟು ವ್ಯತ್ಯಾಸವಿದ್ದರೆ ಹೊಸದು? ಇದಕ್ಕೆ ಅಳತೆಗೋಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಲಕ್ಷಣಗಳಾದರೂ ಬೇರೆಯಾಗಿರಬೇಕು, ಅವುಗಳಲ್ಲಿ ಒಂದಾದರೂ ಹೂವು ಅಥವಾ ಕಾಯಿಯದ್ದಾಗಿರಬೇಕು, ಹಲವು ಮರಗಳಲ್ಲಿ ತಪ್ಪದೆ ಕಾಣಬೇಕು. ‘ಎಲೆ ಉದ್ದ, ತೊಟ್ಟೂ ಉದ್ದ, ಗೊಂಚಲೂ ಉದ್ದ’ ಎಂದರೆ ಅದು ಮೂರು ವ್ಯತ್ಯಾಸವಲ್ಲ, ಮರ ನೀರು ಗೊಬ್ಬರ ಚೆನ್ನಾಗಿರುವ ಕಡೆ ಬೆಳೆದಿದೆ ಅಷ್ಟೆ. ನೇರಳೆಯ ಕುಲದಂಥ ಕಡೆ ಒಂದೇ ಪ್ರಭೇದದ ಎಲೆ ಎಷ್ಟು ರೂಪ ತಾಳುತ್ತದೆ ಎಂದು ನೋಡಿದವರು ಎಲೆಯ ಮೇಲೆ ಹೆಚ್ಚು ಮಾತಾಡುವುದಿಲ್ಲ.

ಡಿಎನ್‌ಎ ಮಾಡಿಸಲೇಬೇಕೆ ಎಂದು ಎಲ್ಲರೂ ಕೇಳುತ್ತಾರೆ. ನಾಮಕರಣದ ನಿಯಮದಲ್ಲಿ ಅಂಥ ಕಡ್ಡಾಯವಿಲ್ಲ. ಯಾವ ಕುಲ ಎಂಬ ಬಗ್ಗೆಯೇ ಗೊಂದಲವಿದ್ದರೆ, ಅಥವಾ ಹತ್ತಿರದ ಪ್ರಭೇದ ತೀರಾ ಹೋಲುತ್ತಿದ್ದರೆ ಮಾಡಿಸಿ. ಹೋಲಿಕೆಗೆ ಹತ್ತಿರದ ಪ್ರಭೇದಗಳ ಡಿಎನ್‌ಎ ಮಾಹಿತಿ ಇಲ್ಲದಿದ್ದರೆ ನಿಮ್ಮ ಮರದ್ದೊಂದನ್ನೇ ಓದಿಸಿ ಪ್ರಯೋಜನವಿಲ್ಲ.

6. ಹೆಸರು

ಕುಲದ ಹೆಸರು ಮೊದಲೇ ಇದೆ. ನೀವು ಕೊಡುವುದು ಎರಡನೆಯ ಪದ ಮಾತ್ರ. ಅದು ಊರಿನಿಂದ ಬರಬಹುದು (ಕತ್ತಲೆಕಾನೆನ್ಸಿಸ್), ಲಕ್ಷಣದಿಂದ ಬರಬಹುದು, ಸ್ಥಳೀಯ ಹೆಸರಿನಿಂದಲೂ ಬರಬಹುದು. ಮೇಲೆ ಹೇಳಿದ ಬ್ರೆಜಿಲ್‌ನ ಡಿನಿಜಿಯಾಕ್ಕೆ ಅಲ್ಲಿನ ಜನ ಕರೆಯುತ್ತಿದ್ದ ಹೆಸರನ್ನೇ ಇಟ್ಟರು. ವ್ಯಕ್ತಿಯ ಗೌರವಾರ್ಥವಾದರೆ ಗಂಡಸಿಗೆ ‘ಐ’, ಹೆಂಗಸಿಗೆ ‘ಏ’ ಎಂದು ಲ್ಯಾಟಿನ್ ಪ್ರತ್ಯಯ ಸೇರುತ್ತದೆ. ತನ್ನದೇ ಹೆಸರಿಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ನಾಚಿಕೆ ತಡೆಯಬೇಕು.

ಲಕ್ಷಣವಾಚಕ ಪದ ಕುಲದ ಲಿಂಗಕ್ಕೆ ಹೊಂದಬೇಕು. ಇಲ್ಲಿ ಒಂದು ಸಣ್ಣ ಬಲೆ ಇದೆ: ‘ಉಸ್’ ಎಂದು ಕೊನೆಯಾದರೂ ಕೆಲವು ಮರಗಳ ಹೆಸರು ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ. ಅರಳಿ ಮರ ಫೈಕಸ್ ರಿಲಿಜಿಯೋಸಾ, ‘ರಿಲಿಜಿಯೋಸಸ್’ ಅಲ್ಲ. ಆದರೆ ಹೆಬ್ಬಲಸು ಆರ್ಟೋಕಾರ್ಪಸ್ ಹಿರ್ಸುಟಸ್, ಪುಲ್ಲಿಂಗ. ಆ ಕುಲದ ಹಳೆಯ ಹೆಸರುಗಳನ್ನು ನೋಡಿ ಅನುಸರಿಸಿದರೆ ತಪ್ಪಾಗದು.

ಅದೇ ಕುಲದಲ್ಲಿ ಅದೇ ಪದ ಪ್ರಪಂಚದ ಎಲ್ಲಾದರೂ ಬಳಕೆಯಾಗಿದ್ದರೆ ನಿಮ್ಮದು ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಸಸ್ಯನಾಮ ಸೂಚಿಯಲ್ಲಿ ಹುಡುಕಿ ಖಾತ್ರಿ ಮಾಡಿಕೊಳ್ಳಿ. ಕುಲದ ಹೆಸರನ್ನೇ ಪ್ರಭೇದಕ್ಕೂ ಇಡುವುದು ಪ್ರಾಣಿಗಳಲ್ಲಿ ನಡೆಯುತ್ತದೆ, ಸಸ್ಯಗಳಲ್ಲಿ ನಡೆಯುವುದಿಲ್ಲ. ಇನ್ನು, ಯಾರನ್ನೂ ಹೀಯಾಳಿಸುವ ಪದ ಬೇಡ. ಆಫ್ರಿಕಾದ ಜನರಿಗೆ ಅವಮಾನಕರವಾದ ಪದವಿದ್ದ ಇನ್ನೂರಕ್ಕೂ ಹೆಚ್ಚು ಸಸ್ಯನಾಮಗಳನ್ನು ತಿದ್ದಲು 2024ರ ಮ್ಯಾಡ್ರಿಡ್ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ತೀರ್ಮಾನವಾಯಿತು.

ಮತ್ತೂ ಒಂದು: ಪ್ರಕಟಣೆಗೆ ಮೊದಲು ಹೆಸರನ್ನು ಎಲ್ಲೂ ಬಿಟ್ಟುಕೊಡಬೇಡಿ. ಪತ್ರಿಕಾಗೋಷ್ಠಿ, ಫೇಸ್‌ಬುಕ್, ಸ್ಥಳೀಯ ಪತ್ರಿಕೆಯ ವರದಿ, ಯಾವುದೂ ಬೇಡ. ವಿವರಣೆಯಿಲ್ಲದೆ ಹೊರಬಿದ್ದ ಹೆಸರಿಗೆ ಮಾನ್ಯತೆ ಇಲ್ಲ, ಅದನ್ನು ಬರಿಹೆಸರು ಎನ್ನುತ್ತಾರೆ. ಗೊಂದಲವಷ್ಟೇ ಉಳಿಯುತ್ತದೆ.

7. ಬರೆಯುವುದು

ಹೆಸರು ಸಿಂಧುವಾಗಲು ಲೇಖನದಲ್ಲಿ ಇರಲೇಬೇಕಾದವು ಕೆಲವೇ. ಆದರೆ ಒಂದು ತಪ್ಪಿದರೂ ಇಡೀ ಶ್ರಮ ವ್ಯರ್ಥ.

ವಿವರಣೆ ಅಥವಾ ಡಯಾಗ್ನೋಸಿಸ್ ಲ್ಯಾಟಿನ್ ಇಲ್ಲವೇ ಇಂಗ್ಲಿಷಿನಲ್ಲಿರಬೇಕು. 2011ರ ಕೊನೆಯ ತನಕ ಲ್ಯಾಟಿನ್ ಕಡ್ಡಾಯವಾಗಿತ್ತು, 2012ರ ಜನವರಿ 1ರಿಂದ ಇಂಗ್ಲಿಷಿಗೂ ಅವಕಾಶ ಸಿಕ್ಕಿತು. ಕನ್ನಡದಲ್ಲಿ ಮಾತ್ರ ಬರೆದರೆ ಸಿಂಧುವಾಗದು. ಕನ್ನಡ ವಿವರಣೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಸೇರಿಸಿದರೆ ನನಗಂತೂ ಸಂತೋಷ.

ಡಯಾಗ್ನೋಸಿಸ್ ಅಂದರೆ ಹತ್ತಿರದ ಪ್ರಭೇದದಿಂದ ಇದು ಹೇಗೆ ಬೇರೆ ಎಂದು ಎರಡು ಮೂರು ವಾಕ್ಯದಲ್ಲಿ ಹೇಳುವುದು. ಕಲ್ಪಿತ ಉದಾಹರಣೆ: ‘ಎಲೆಯ ಆಕಾರದಲ್ಲಿ “ಕ” ಪ್ರಭೇದವನ್ನು ಹೋಲುತ್ತದೆ. ಆದರೆ ಗಂಡು ಹೂವಿನ ಕೇಸರಗಳು 8 (ಅದರಲ್ಲಿ 16), ಅಂಡಾಶಯ ನುಣುಪು (ಅದರಲ್ಲಿ ದಟ್ಟ ರೋಮ), ಕಾಯಿಯ ಬುಡದ ಪುಷ್ಪಪಾತ್ರೆ ಹಿಂದಕ್ಕೆ ಮಡಚಿರುತ್ತದೆ (ಅದರಲ್ಲಿ ಕಾಯಿಗೆ ಅಪ್ಪಿರುತ್ತದೆ).’ ಎರಡೂ ಕಡೆಯ ಲಕ್ಷಣ ಹೇಳದ ಡಯಾಗ್ನೋಸಿಸ್ ಓದುಗರಿಗೆ ಏನನ್ನೂ ಹೇಳುವುದಿಲ್ಲ. ‘ಎಲೆ ಸ್ವಲ್ಪ ದೊಡ್ಡದು’ ಎಂಬಂಥ ಮಾತು ಬಂದರೆ ಹೊಡೆದುಹಾಕಿ.

ಟೈಪ್ ಗೊತ್ತುಪಡಿಸುವುದು 1958ರಿಂದ ಕಡ್ಡಾಯ. 1990ರಿಂದ ‘ಹಾಲೋಟೈಪ್’ ಅಥವಾ ‘ಟೈಪ್’ ಎಂಬ ಪದವನ್ನು ಸ್ಪಷ್ಟವಾಗಿ ಬರೆದು, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಹೇಳಲೇಬೇಕು. ಹಾಲೋಟೈಪ್ ಅಂದರೆ ನೀವು ಆರಿಸಿದ ಒಂದೇ ಒಂದು ಮಾದರಿ. ಅದೇ ಸಂಗ್ರಹ ಸಂಖ್ಯೆಯ ಉಳಿದ ಹಾಳೆಗಳು ಐಸೋಟೈಪ್. ನೀವು ಉದಾಹರಿಸಿದ ಬೇರೆ ಸಂಖ್ಯೆಯ ಹಾಳೆಗಳು ಪ್ಯಾರಾಟೈಪ್. ಗಂಡು–ಹೆಣ್ಣು ಬೇರೆಯಾದ ಮರದಲ್ಲಿ ಯಾವುದಾದರೂ ಒಂದನ್ನು ಹಾಲೋಟೈಪ್ ಮಾಡಿ, ಇನ್ನೊಂದು ಪ್ಯಾರಾಟೈಪ್ ಆಗಲಿ. ನಿಮ್ಮ ಮನೆಯ ಬೀರು ಹರ್ಬೇರಿಯಂ ಅಲ್ಲ. ಮಾದರಿ ಸಾರ್ವಜನಿಕ ಸಂಸ್ಥೆಗೆ ತಲುಪಿ, ಅಲ್ಲಿನ ಪ್ರವೇಶ ಸಂಖ್ಯೆ ಬಂದ ಮೇಲೆ ಲೇಖನ ಕಳುಹಿಸಿ. ಫೋಟೋ ಎಷ್ಟೇ ಚೆನ್ನಾಗಿದ್ದರೂ ಮರಕ್ಕೆ ಟೈಪ್ ಆಗಲಾರದು.

ವಿವರಣೆಯ ಸಾಲು ಒಂದೇ ದಾರಿಯಲ್ಲಿ ನಡೆಯಲಿ: ಮರದ ನಿಲುವು, ತೊಗಟೆ, ರೆಂಬೆ, ಎಲೆ, ಹೂಗೊಂಚಲು, ಹೂವು, ಕಾಯಿ, ಬೀಜ. ಅಳತೆ ಕೊಡುವಾಗ ಸಾಮಾನ್ಯ ವ್ಯಾಪ್ತಿಯನ್ನು ಕೊಟ್ಟು ಅಪರೂಪದ ಅಂಚನ್ನು ಆವರಣದಲ್ಲಿಡಿ: (8–)10–14(–17) ಸೆಂ.ಮೀ. ಹಸಿಯಾಗಿದ್ದಾಗ ಅಳೆದದ್ದೋ ಒಣಗಿದ ಮೇಲೋ ಎಂದು ಹೇಳಿ, ಎರಡನ್ನೂ ಬೆರೆಸಬೇಡಿ. ರೇಖಾಚಿತ್ರಕ್ಕೆ ಸಸ್ಯಚಿತ್ರ ಬಲ್ಲ ಕಲಾವಿದರನ್ನು ಹುಡುಕಿ. ಅಂಡಾಶಯದ ಅಡ್ಡಸೀಳು, ಕೇಸರದ ಜೋಡಣೆ ಕ್ಯಾಮೆರಾಕ್ಕಿಂತ ಪೆನ್ನಿನಲ್ಲಿ ಚೆನ್ನಾಗಿ ಕಾಣುತ್ತವೆ. ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವ ಕೀಲಿಯೊಂದನ್ನು (ಪ್ರಶ್ನೆಯಿಂದ ಪ್ರಶ್ನೆಗೆ ಕರೆದೊಯ್ಯುವ ಪಟ್ಟಿ) ಕೊಟ್ಟರೆ ನಿಮ್ಮ ಲೇಖನ ನಿಜಕ್ಕೂ ಬಳಕೆಗೆ ಬರುತ್ತದೆ.

ಅಳಿವಿನ ಅಂಚಿನ ವರ್ಗವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಮಾನದಂಡದಲ್ಲಿ ಸೂಚಿಸುವುದು ರೂಢಿ. ಬೆಳೆದ ಮರಗಳು 50ಕ್ಕಿಂತ ಕಡಿಮೆ ಇದ್ದರೆ ಅದೊಂದೇ ಕಾರಣಕ್ಕೆ ‘ತೀವ್ರ ಅಪಾಯ’ದ ವರ್ಗಕ್ಕೆ ಸೇರಬಹುದು. ಆದರೆ ‘ನನಗೆ ಕಂಡದ್ದು ಹತ್ತು’ ಎಂಬುದು ‘ಇರುವುದು ಹತ್ತು’ ಎಂದಾಗುವುದಿಲ್ಲ. ಸುತ್ತಲಿನ ಅಂಥದೇ ಕಾಡುಗಳಲ್ಲಿ ಹುಡುಕಿರದಿದ್ದರೆ ‘ಮಾಹಿತಿ ಸಾಲದು’ ಎಂಬ ವರ್ಗವೇ ಪ್ರಾಮಾಣಿಕ. ಮರ ಕಳ್ಳರ ಕಣ್ಣು ಬೀಳುವಂಥದ್ದಾದರೆ ನಿಖರ ಅಕ್ಷಾಂಶ–ರೇಖಾಂಶವನ್ನು ಮುದ್ರಣದಲ್ಲಿ ಮಸುಕು ಮಾಡಿ, ಪೂರ್ಣ ವಿವರ ಹರ್ಬೇರಿಯಂ ಮತ್ತು ಇಲಾಖೆಯ ಬಳಿ ಇರಲಿ.

8. ಎಲ್ಲಿ ಪ್ರಕಟಿಸುವುದು

ರೀಡಿಯಾ, ಫೈಟೋಟ್ಯಾಕ್ಸಾ, ಕ್ಯೂ ಬುಲೆಟಿನ್, ಫೈಟೋಕೀಸ್, ನಾರ್ಡಿಕ್ ಜರ್ನಲ್ ಆಫ್ ಬಾಟನಿ, ಹೀಗೆ ಹಲವು ವಿಜ್ಞಾನ ಪತ್ರಿಕೆಗಳಿವೆ. ರೀಡಿಯಾ ನಮ್ಮ ದೇಶದ ಸಸ್ಯ ವರ್ಗೀಕರಣಕಾರರ ಸಂಘದ್ದು. ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಪಿಡಿಎಫ್ ರೂಪದಲ್ಲಿರಬೇಕು, ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಸಂಖ್ಯೆ (ಪತ್ರಿಕೆ, ಪುಸ್ತಕಗಳ ಅಂತರರಾಷ್ಟ್ರೀಯ ಗುರುತು) ಇರಬೇಕು. ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವವರಿಂದ ದೂರವಿರಿ. ಹೆಸರು ಸಿಂಧುವಾದರೂ ಪರಿಶೀಲನೆ ಆಗಿರುವುದಿಲ್ಲ, ತಪ್ಪು ಶಾಶ್ವತವಾಗಿ ದಾಖಲಾಗುತ್ತದೆ. ವಿಮರ್ಶಕರು ‘ಆ ಟೈಪ್ ನೋಡಿದ್ದೀರಾ?’ ಎಂದು ಕೇಳಿಯೇ ಕೇಳುತ್ತಾರೆ. ಐದನೆಯ ಹಂತ ಸರಿಯಾಗಿ ಮಾಡಿದ್ದರೆ ಉತ್ತರ ಕೈಯಲ್ಲೇ ಇರುತ್ತದೆ.

9. ಪ್ರಕಟವಾದ ಮೇಲೆ

ಸಸ್ಯನಾಮ ಸೂಚಿಯಲ್ಲಿ ಹೆಸರು ಸೇರಿದೆಯೇ ನೋಡಿ, ಇಲ್ಲದಿದ್ದರೆ ಅವರಿಗೆ ಬರೆಯಿರಿ. ಐಸೋಟೈಪ್‌ಗಳನ್ನು ಬೇರೆ ಬೇರೆ ಊರಿನ ಹರ್ಬೇರಿಯಂಗಳಿಗೆ ಹಂಚಿ, ಒಂದೆಡೆ ಬೆಂಕಿಯೋ ನೆರೆಯೋ ಬಂದರೆ ಇನ್ನೊಂದೆಡೆ ಉಳಿಯಲಿ. ಭಾರತೀಯ ಸಸ್ಯ ಸರ್ವೇಕ್ಷಣಾಲಯಕ್ಕೆ ಸಾಕ್ಷಿ ಮಾದರಿ ತಲುಪಿದೆಯೇ ಖಚಿತಪಡಿಸಿಕೊಳ್ಳಿ. ವಲಯ ಅರಣ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಲೇಖನದ ಪ್ರತಿಯ ಜೊತೆ ಒಂದು ಪುಟದ ಕನ್ನಡ ಸಾರಾಂಶವನ್ನೂ ಮರದ ಚಿತ್ರವನ್ನೂ ಕೊಡಿ. ರಸ್ತೆ ಅಗಲ ಮಾಡುವಾಗ, ಹಳ್ಳಕ್ಕೆ ಒಡ್ಡು ಕಟ್ಟುವಾಗ ಮರ ಗುರುತಿಸಬೇಕಾದವರು ಅವರೇ. ಬಿತ್ತಿದ ಬೀಜ ಮೊಳೆಯುತ್ತದೆಯೇ, ಯಾವ ಹಕ್ಕಿ ಹಣ್ಣು ತಿನ್ನುತ್ತದೆ, ಲೇಖನ ಬರೆಯುವಾಗ ಸಿಗದ ಹೆಣ್ಣು ಹೂವು ಯಾವ ತಿಂಗಳು ಬಿಡುತ್ತದೆ ಎಂದು ನೋಡಲು ಮುಂದಿನ ಹಂಗಾಮಿಗೂ ಅನುಮತಿ ಪತ್ರವನ್ನು ನವೀಕರಿಸಿಟ್ಟುಕೊಳ್ಳಿ.